ಅಂಗಡಿ ಮೂರಾದರೂ ಪಾಸ್‌ವರ್ಡ್ ಒಂದೇ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಬಟ್ಟೆ ಅಂಗಡಿಯವರಿದ್ದೀರಿ, ಕಿರಾಣಿಯವರಿದ್ದೀರಿ, ಮೆಡಿಕಲ್ ಸ್ಟೋರ್, ಪಾತ್ರೆ, ಮೊಬೈಲ್ ಅಂಗಡಿ ನಡೆಸುವವರೂ ಇದ್ದೀರಿ. ಒಂದು ಅಂಗಡಿಯಿಂದ ಎರಡು, ಮೂರು ಶಾಖೆಗೆ ಬೆಳೆದವರೇ ಜಾಸ್ತಿ. ನನ್ನನ್ನು ಕರೆಯಲು ಬಂದವರು ಕೇಳಿದ್ದು ಒಂದೇ ಪ್ರಶ್ನೆ: "ಯಾವ ಸಾಫ್ಟ್‌ವೇರ್ ಹಾಕಿಸಿದರೆ ಸೇಫ್ ಸಾರ್?" ಅದಕ್ಕೆ ಉತ್ತರ ಹೇಳುವ ಮೊದಲು ಒಂದು ದೊಡ್ಡ ಅಂಗಡಿಗೆ ಆದದ್ದನ್ನು ಹೇಳುತ್ತೇನೆ. ಅದರಲ್ಲಿ ನಮ್ಮ ಬೆಂಗಳೂರೂ ಬರುತ್ತದೆ.

ಅಮೆರಿಕದಲ್ಲಿ ಟಾರ್ಗೆಟ್ ಅಂತ ಒಂದು ರೀಟೇಲ್ ಕಂಪನಿ ಇದೆ. ಮುಖ್ಯ ಕಚೇರಿ ಮಿನ್ನಿಯಾಪೊಲಿಸ್‌ನಲ್ಲಿ. 2013ರ ನವೆಂಬರ್ ಕೊನೆ, ಅಲ್ಲಿನ ಹಬ್ಬದ ಸೀಸನ್. ಆ ಹೊತ್ತಿಗೆ ಕಳ್ಳರು ಅವರ ಬಿಲ್ಲಿಂಗ್ ಕೌಂಟರ್‌ಗಳ ಕಂಪ್ಯೂಟರ್‌ಗೆ ಒಂದು ಸಣ್ಣ ಪ್ರೋಗ್ರಾಂ ತೂರಿಸಿಬಿಟ್ಟಿದ್ದರು. ಗ್ರಾಹಕರು ಕಾರ್ಡ್ ಉಜ್ಜಿದ ಕ್ಷಣ, ಅದರ ವಿವರ ಕಂಪ್ಯೂಟರಿನ ಮೆಮೊರಿಯಲ್ಲಿ ಒಂದಿಷ್ಟು ಹೊತ್ತು ತೆರೆದೇ ಇರುತ್ತದೆ. ಆ ಪ್ರೋಗ್ರಾಂ ಅಷ್ಟರಲ್ಲೇ ಅದನ್ನು ನಕಲು ಮಾಡಿಕೊಳ್ಳುತ್ತಿತ್ತು. ಹೀಗೆ ಹೋದದ್ದು ಸುಮಾರು 4 ಕೋಟಿ ಕಾರ್ಡುಗಳ ವಿವರ. ಜೊತೆಗೆ 7 ಕೋಟಿ ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರ್, ಇಮೇಲ್ ಇಂಥವೂ ಹೋದವು.

ಕಳ್ಳರು ಒಳಗೆ ಬಂದದ್ದು ಹೇಗೆ? ಟಾರ್ಗೆಟ್ ಅಂಗಡಿಗಳಿಗೆ ಫ್ರಿಜ್, ಎ.ಸಿ. ಕೆಲಸ ಮಾಡಿಕೊಡುವ ಒಂದು ಸಣ್ಣ ಗುತ್ತಿಗೆ ಕಂಪನಿ ಇತ್ತು. ಬಿಲ್ ಕಳಿಸುವುದಕ್ಕೆ ಅವರಿಗೊಂದು ಲಾಗಿನ್ ಕೊಟ್ಟಿದ್ದರು. ಕಳ್ಳರು ಆ ಸಣ್ಣ ಕಂಪನಿಗೆ ಮೋಸದ ಇಮೇಲ್ ಕಳಿಸಿ ಪಾಸ್‌ವರ್ಡ್ ಕದ್ದರು. ಎ.ಸಿ. ರಿಪೇರಿಯವರ ಲಾಗಿನ್‌ನಿಂದ ಒಳಗೆ ಬಂದವರು ಹೆಜ್ಜೆ ಹೆಜ್ಜೆಯಾಗಿ ಬಿಲ್ಲಿಂಗ್ ಕೌಂಟರ್‌ವರೆಗೂ ಹೋದರು. ಆ ಎರಡರ ನಡುವೆ ಇರಬೇಕಾಗಿದ್ದ ಗೋಡೆ ಗಟ್ಟಿ ಇರಲಿಲ್ಲ.

ಟಾರ್ಗೆಟ್‌ನವರು ದುಡ್ಡು ಉಳಿಸಲು ಹೋಗಿ ಕೆಟ್ಟವರಲ್ಲ. ಅದೇ ವರ್ಷ 16 ಲಕ್ಷ ಡಾಲರ್ ಕೊಟ್ಟು ಫೈರ್‌ಐ ಎಂಬ ಕಂಪನಿಯ ಒಳ್ಳೆಯ ಎಚ್ಚರಿಕೆ ವ್ಯವಸ್ಥೆ ಹಾಕಿಸಿದ್ದರು. ಅದನ್ನು ಹಗಲು ರಾತ್ರಿ ನೋಡಿಕೊಳ್ಳಲು ಬೆಂಗಳೂರಿನಲ್ಲಿ ಒಂದು ತಂಡವಿತ್ತು. ನವೆಂಬರ್ 30ಕ್ಕೆ ಆ ವ್ಯವಸ್ಥೆ ಎಚ್ಚರಿಸಿತು. ಬೆಂಗಳೂರಿನವರು ನೋಡಿದರು, ಮಿನ್ನಿಯಾಪೊಲಿಸ್‌ಗೆ ತಿಳಿಸಿದರು. ಅಲ್ಲಿ ಯಾರೂ ಏನೂ ಮಾಡಲಿಲ್ಲ. ಅಪಾಯದ ಪ್ರೋಗ್ರಾಂ ಕಂಡರೆ ತಾನಾಗಿಯೇ ಅಳಿಸಿಹಾಕುವ ಸೌಲಭ್ಯ ಆ ವ್ಯವಸ್ಥೆಯಲ್ಲೇ ಇತ್ತು, ಅದನ್ನೂ ಆಫ್ ಮಾಡಿಟ್ಟಿದ್ದರು. ಡಿಸೆಂಬರ್ 12ಕ್ಕೆ ಅಮೆರಿಕ ಸರ್ಕಾರದವರೇ ಬಂದು "ನಿಮ್ಮಲ್ಲಿ ಕಳ್ಳತನ ಆಗ್ತಿದೆ" ಅಂದ ಮೇಲೆ ಇವರು ಎದ್ದದ್ದು. ಅಷ್ಟರಲ್ಲಿ ಡೇಟಾ ಹೊರಗೆ ಹೋಗಿಯಾಗಿತ್ತು.

ಈ ಭಾಗ ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಬೆಂಗಳೂರಿನಲ್ಲಿ ಕೂತವರು ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು. ಆ ಮಾತು ಕೇಳಿ ಎದ್ದು ಓಡಬೇಕಾದವರು ಯಾರು ಅನ್ನೋದು ಅಲ್ಲಿ ಗಟ್ಟಿಯಾಗಿ ತೀರ್ಮಾನವಾಗಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ. 2014ರ ಮೇ ತಿಂಗಳಲ್ಲಿ ಕಂಪನಿಯ ಸಿಇಒ ಕುರ್ಚಿ ಬಿಟ್ಟರು. 2017ರಲ್ಲಿ ಅಲ್ಲಿನ 47 ರಾಜ್ಯಗಳು ಮತ್ತು ವಾಷಿಂಗ್ಟನ್ ಡಿ.ಸಿ. ಜೊತೆ 1.85 ಕೋಟಿ ಡಾಲರ್‌ಗೆ ರಾಜಿಯಾಯಿತು.

ಹಾಗಾಗಿ ಸಾಫ್ಟ್‌ವೇರ್ ಕೊಳ್ಳುವುದು ಎರಡನೆಯ ಕೆಲಸ. ಯಾರ ಕೈಯಲ್ಲಿ ಯಾವ ಲಾಗಿನ್ ಇರಬೇಕು, ಏನಾದರೂ ಎಡವಟ್ಟಾದರೆ ಯಾರು ಏಳಬೇಕು, ಇದನ್ನು ಮಾಲೀಕರು ಕೂತು ತೀರ್ಮಾನಿಸುವುದು ಮೊದಲನೆಯದು. ಅದಾಗದೆ ಎಷ್ಟು ದುಡ್ಡು ಸುರಿದರೂ ಅಷ್ಟೇ.

ಈಗ ನಮ್ಮ ಅಂಗಡಿಗೆ ಬರೋಣ. ಒಂದು ಬಟ್ಟೆ ಅಂಗಡಿ ಅಂತಿಟ್ಟುಕೊಳ್ಳಿ. ಮೊದಲು ಗಲ್ಲಾಪೆಟ್ಟಿಗೆ ಮುಂದೆ ಯಜಮಾನರೇ ಕೂತಿರುತ್ತಿದ್ದರು. ಯಾರು ಬಿಲ್ ಮಾಡಿದರು, ಯಾರು ಡಿಸ್ಕೌಂಟ್ ಕೊಟ್ಟರು, ಎಲ್ಲ ಕಣ್ಣೆದುರಿಗೆ. ಈಗ ಮೂರು ಊರಲ್ಲಿ ಮೂರು ಅಂಗಡಿ. ಆದರೆ ಕಂಪ್ಯೂಟರ್ ಇನ್ನೂ ಮೊದಲಿನ ಕಾಲದಲ್ಲೇ ಇದೆ. ಯೂಸರ್ ನೇಮ್ "ಅಡ್ಮಿನ್". ಪಾಸ್‌ವರ್ಡ್ ಅಂಗಡಿ ಹೆಸರು, ಮುಂದೆ 123. ಅದನ್ನು ಚೀಟಿಯಲ್ಲಿ ಬರೆದು ಮಾನಿಟರ್ ಕೆಳಗೆ ಅಂಟಿಸಿರುತ್ತಾರೆ. ಅಕೌಂಟ್ಸ್ ನೋಡುವವರು, ಕೌಂಟರ್ ಹುಡುಗರು, ಸ್ಟಾಕ್ ಎಣಿಸುವವರು, ಎಲ್ಲರಿಗೂ ಅದೇ. ಸಂಜೆ ಒಂದು ಬಿಲ್ ಕ್ಯಾನ್ಸಲ್ ಆಗಿರುತ್ತದೆ. ಮಾಡಿದ್ದು ಯಾರು? ಅಡ್ಮಿನ್. ಯಾವ ಅಡ್ಮಿನ್ ಅಂತ ದೇವರಿಗೇ ಗೊತ್ತು. ಆಮೇಲೆ ಏನೂ ಮಾಡದ ಹುಡುಗನ ಮೇಲೂ ಅನುಮಾನ ಬರುತ್ತದೆ. ಒಬ್ಬೊಬ್ಬರಿಗೂ ಬೇರೆ ಲಾಗಿನ್ ಕೊಡಿ ಅಂತ ನಾನು ಹಟ ಮಾಡುವುದು ಆ ಹುಡುಗನ ಮರ್ಯಾದೆ ಉಳಿಯಲಿ ಅಂತಲೂ ಹೌದು.

ಕೌಂಟರ್‌ನವರಿಗೆ ಬಿಲ್ ಮಾಡಲು ಬಂದರೆ ಸಾಕು. ಹಳೆ ಬಿಲ್ ತಿದ್ದಲು, ಗ್ರಾಹಕರ ಪಟ್ಟಿ ಪೂರ್ತಿ ಎಕ್ಸೆಲ್‌ಗೆ ಇಳಿಸಿಕೊಳ್ಳಲು ಬರಬಾರದು. ಕೆಲಸ ಬಿಟ್ಟವರ ಲಾಗಿನ್ ಅದೇ ದಿನ ಮುಚ್ಚಬೇಕು. ಜಿಎಸ್‌ಟಿ ಪೋರ್ಟಲ್, ಬ್ಯಾಂಕ್, ಕಂಪನಿ ಇಮೇಲ್, ಇವುಗಳ ಒಟಿಪಿ ಯಾರ ಫೋನಿಗೆ ಬರುತ್ತದೆ ಅಂತ ಇವತ್ತೇ ನೋಡಿ. ಯಾವತ್ತೋ ಬಿಟ್ಟುಹೋದವರ ನಂಬರ್ ಇನ್ನೂ ಅಲ್ಲೇ ಕೂತಿರಬಹುದು.

ಇನ್ನೊಂದು, ಸಪೋರ್ಟ್‌ನವರ ವಿಷಯ. ಪ್ರಿಂಟರ್ ಓಡ್ತಿಲ್ಲ ಅಂತ ಫೋನ್ ಮಾಡುತ್ತೇವೆ. ಅವರು "ಎನಿಡೆಸ್ಕ್ ಓಪನ್ ಮಾಡಿ, ನಂಬರ್ ಹೇಳಿ" ಅನ್ನುತ್ತಾರೆ. ಅದು ದೂರದಿಂದಲೇ ನಮ್ಮ ಕಂಪ್ಯೂಟರ್ ನಡೆಸುವ ಪ್ರೋಗ್ರಾಂ. ಕೆಲಸ ಮುಗಿಯುತ್ತದೆ, ಎನಿಡೆಸ್ಕ್ ಹಾಗೇ ಓಡ್ತಾ ಇರುತ್ತದೆ. ಎಷ್ಟೋ ಕಡೆ ಯಾರೂ ಒಪ್ಪಿಗೆ ಒತ್ತದೆಯೇ ಒಳಗೆ ಬರುವಂತೆ ಕಾಯಂ ಪಾಸ್‌ವರ್ಡ್ ಇಟ್ಟಿರುತ್ತಾರೆ. ಟಾರ್ಗೆಟ್‌ನ ಎ.ಸಿ. ರಿಪೇರಿಯವರು ನಮ್ಮಲ್ಲಿ ಇವರೇ ಅಲ್ವಾ? ಕೆಟ್ಟವರು ಅಂತಲ್ಲ, ಅವರ ಪಾಸ್‌ವರ್ಡನ್ನೂ ಯಾರಾದರೂ ಕದಿಯಬಹುದು. ಬೇಕಾದಾಗ ಆನ್ ಮಾಡಿ, ಮುಗಿದ ಮೇಲೆ ಆಫ್ ಮಾಡಿ. ಫೋನ್ ಮಾಡಿದವರು ನಿಜವಾಗಿ ಅವರೇನಾ ಅಂತ ನಿಮ್ಮ ಹತ್ತಿರ ಇರುವ ನಂಬರಿಗೆ ತಿರುಗಿ ಕರೆ ಮಾಡಿ ಖಚಿತ ಮಾಡಿಕೊಳ್ಳಿ. 2025ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ದೊಡ್ಡ ರೀಟೇಲ್ ಕಂಪನಿ ಮಾರ್ಕ್ಸ್ ಅಂಡ್ ಸ್ಪೆನ್ಸರ್‌ಗೆ ಹೊಡೆತ ಬಿದ್ದದ್ದು ಬೇರೆಯವರ ಸೋಗು ಹಾಕಿ ಬಂದವರಿಂದಲೇ. ಅದರ ಆನ್‌ಲೈನ್ ಮಾರಾಟ ಆರು ವಾರಕ್ಕೂ ಜಾಸ್ತಿ ನಿಂತಿತ್ತು. ಲಾಭದಲ್ಲಿ ಸುಮಾರು 30 ಕೋಟಿ ಪೌಂಡ್ ಖೋತಾ ಆಗಬಹುದು ಅಂತ ಕಂಪನಿಯೇ ಅಂದಾಜು ಹೇಳಿತು.

ವೈಫೈ ಬಗ್ಗೆ ಎರಡೇ ಮಾತು. ಬಿಲ್ಲಿಂಗ್ ಕಂಪ್ಯೂಟರ್, ಸಿಸಿಟಿವಿ, ಗ್ರಾಹಕರಿಗೆ ಕೊಡುವ ವೈಫೈ ಒಂದೇ ಲೈನಿನಲ್ಲಿ ಇರಬಾರದು. ನೆಟ್‌ವರ್ಕ್ ಹುಡುಗರಿಗೆ "ಬೇರೆ ಬೇರೆ ಮಾಡಿಕೊಡಿ" ಅಂದರೆ ಸಾಕು, ಮಾಡಿಕೊಡುತ್ತಾರೆ. ಹಾಗೇ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ (ಸುರಕ್ಷತೆಯ ಅಪ್‌ಡೇಟ್‌ಗಳು) 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಕೌಂಟರ್‌ನಲ್ಲಿ ಇನ್ನೂ ಅದೇ ಓಡ್ತಿದ್ದರೆ ಹೊಸ ಕಂಪ್ಯೂಟರಿಗೆ ಇಡುವ ದುಡ್ಡು ಮೊದಲು ಅಲ್ಲಿಗೆ ಹೋಗಲಿ.

ಬ್ಯಾಕಪ್ ವಿಷಯಕ್ಕೆ ಸ್ವಲ್ಪ ಜಾಸ್ತಿ ಸಮಯ ತಗೊಳ್ಳುತ್ತೇನೆ. "ಬ್ಯಾಕಪ್ ಇದೆಯಾ?" ಅಂದರೆ ಎಲ್ಲರೂ ಇದೆ ಅನ್ನುತ್ತಾರೆ. ಎಲ್ಲಿದೆ? ಅದೇ ಕಂಪ್ಯೂಟರಿನ ಡಿ ಡ್ರೈವಿನಲ್ಲಿ. ಇಲ್ಲವೇ ಯಾವಾಗಲೂ ಚುಚ್ಚಿಯೇ ಇಟ್ಟಿರುವ ಪೆನ್‌ಡ್ರೈವಿನಲ್ಲಿ. ರ‍್ಯಾನ್ಸಮ್‌ವೇರ್ ಅಂತ ಕೇಳಿರುತ್ತೀರಿ. ಅದು ಬಂದರೆ ಫೈಲುಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳುತ್ತದೆ. ಕಂಪ್ಯೂಟರಿಗೆ ಅಂಟಿಕೊಂಡಿರುವ ಪೆನ್‌ಡ್ರೈವಿಗೂ ಬೀಗ ಬೀಳುತ್ತದೆ. ಅದಕ್ಕೇ ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಬಗೆಯ ಜಾಗದಲ್ಲಿ, ಒಂದು ಅಂಗಡಿಯಿಂದ ಹೊರಗೆ. ಜಿಎಸ್‌ಟಿ ಲೆಕ್ಕವನ್ನು ವಾರ್ಷಿಕ ರಿಟರ್ನ್ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟುಕೊಳ್ಳಲೇಬೇಕು. ಡಿಸ್ಕ್ ಕೆಟ್ಟುಹೋಯ್ತು ಅಂದರೆ ಅಧಿಕಾರಿಗಳು ಒಪ್ಪುವುದಿಲ್ಲ.

ಬ್ಯಾಕಪ್ ತೆಗೆದರಷ್ಟೇ ಸಾಲದು, ತಿರುಗಿ ಹಾಕಿ ನೋಡಬೇಕು. ವಾರದ ರಜೆ ದಿನ ಬೇರೊಂದು ಕಂಪ್ಯೂಟರಿನಲ್ಲಿ ಬ್ಯಾಕಪ್‌ನಿಂದ ನಿಮ್ಮ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ತೆರೆಯಿರಿ. ನಿನ್ನೆಯ ಕೊನೆಯ ಬಿಲ್ ಕಾಣುತ್ತಾ? ಬಾಕಿ ಕೊಡಬೇಕಾದವರ ಪಟ್ಟಿ ಸರಿ ಇದೆಯಾ? ಎಷ್ಟು ಹೊತ್ತು ಹಿಡಿಯಿತು? ಅಷ್ಟು ಹೊತ್ತು ದೀಪಾವಳಿ ಹಿಂದಿನ ದಿನ ಅಂಗಡಿ ಬಿಲ್ಲಿಲ್ಲದೆ ನಿಂತರೆ ಏನು ಮಾಡುತ್ತೀರಿ? ಕೈಬರಹದ ಬಿಲ್ ಪುಸ್ತಕ ಇದೆಯಾ?

ಹೊಸ ಸಾಫ್ಟ್‌ವೇರ್ ಮಾರಲು ಬಂದವರನ್ನೂ ಇದೇ ದಾರಿಯಲ್ಲಿ ಕೇಳಿ. ಒಬ್ಬೊಬ್ಬರಿಗೆ ಬೇರೆ ಲಾಗಿನ್ ಕೊಡಬಹುದಾ? ಬಿಲ್ ತಿದ್ದಿದರೆ ಯಾರು, ಯಾವಾಗ ಅಂತ ಉಳಿಯುತ್ತಾ? ನಾಳೆ ನಿಮ್ಮನ್ನು ಬಿಟ್ಟರೆ ನಮ್ಮ ಡೇಟಾ ಪೂರ್ತಿ ನಮಗೆ ಸಿಗುತ್ತಾ? ಮೂರನೆಯ ಪ್ರಶ್ನೆಗೆ ತಡವರಿಸಿದರೆ ಚಹಾ ಕೊಟ್ಟು ಕಳಿಸಿ.

ಇನ್ನು ಗ್ರಾಹಕರ ಫೋನ್ ನಂಬರ್. ಬಿಲ್ ಮಾಡುವಾಗ "ನಂಬರ್ ಹೇಳಿ" ಅಂತ ಕೇಳುವುದು ಎಲ್ಲರಿಗೂ ಅಭ್ಯಾಸವಾಗಿದೆ. ನಂಬರ್ ಕೊಡದಿದ್ದರೆ ಬಿಲ್ ಇಲ್ಲ ಅನ್ನಬೇಡಿ ಅಂತ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇ ತಿಂಗಳಲ್ಲೇ ಹೇಳಿದೆ. ಅದೇ ವರ್ಷ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು. ಮುಖ್ಯ ಜವಾಬ್ದಾರಿಗಳಿಗೆ ಸಜ್ಜಾಗಲು 18 ತಿಂಗಳು ಕೊಟ್ಟಿದ್ದಾರೆ. ಜನರ ಮಾಹಿತಿಯನ್ನು ಸರಿಯಾಗಿ ಕಾಪಾಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು.

ದಂಡದ ಮಾತು ಹಾಗಿರಲಿ. ಒಬ್ಬ ಹೆಣ್ಣುಮಗಳು ಸೀರೆ ಕೊಳ್ಳಲು ಬಂದು ತನ್ನ ನಂಬರ್ ಕೊಡುತ್ತಾಳೆ. ಆ ಪಟ್ಟಿ ಯಾರದೋ ವಾಟ್ಸ್ಆಪ್‌ನಲ್ಲಿ ಓಡಾಡಿ, ನಾಳೆ ಗುರುತಿಲ್ಲದವರು ಆಕೆಗೆ ಹೆಸರು ಹಿಡಿದು ಫೋನ್ ಮಾಡಿದರೆ, ಅದಕ್ಕೆ ನಾವೇ ಕಾರಣ. ಬೇಕಿಲ್ಲದ ಮಾಹಿತಿ ಕೇಳಬೇಡಿ. ಕೇಳಿದ್ದನ್ನು ಯಾತಕ್ಕೆ ಅಂತ ಹೇಳಿ. ಬರದೇ ಹೋದ ಗ್ರಾಹಕರ ಹಳೆಯ ಪಟ್ಟಿಯನ್ನು ಸುಮ್ನೆ ಇಟ್ಟುಕೊಳ್ಳಬೇಡಿ, ಅಳಿಸಿಬಿಡಿ.

ಕೊನೆಗೆ, ಏನಾದರೂ ಆಗಿಯೇ ಹೋದರೆ. ಕಂಪ್ಯೂಟರಿನ ನೆಟ್ ಕೇಬಲ್ ಕಿತ್ತುಹಾಕಿ, ವೈಫೈ ಆಫ್ ಮಾಡಿ. ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಬೇಡಿ, ಸಾಕ್ಷಿ ಹೋಗುತ್ತದೆ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಹೇಳಿ. ಬೇಗ ಹೇಳಿದಷ್ಟೂ ದುಡ್ಡನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಜಾಸ್ತಿ. ಇಂಥ ದಾಳಿಗಳನ್ನು ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತೆ ನೋಡಿಕೊಳ್ಳುವ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕು ಅಂತ 2022ರಿಂದ ನಿಯಮವಿದೆ. ಇದನ್ನೆಲ್ಲ ಮಾಡುವವರು ಯಾರು, ಅವರು ಊರಲ್ಲಿ ಇಲ್ಲದಿದ್ದರೆ ಯಾರು, ಎರಡು ಹೆಸರು, ಎರಡು ಫೋನ್ ನಂಬರ್ ಕಾಗದದಲ್ಲಿ ಬರೆದು ಮೂರೂ ಅಂಗಡಿಯ ಕೌಂಟರ್ ಒಳಗೆ ಅಂಟಿಸಿ. ಮಾನಿಟರ್ ಕೆಳಗಿನ ಪಾಸ್‌ವರ್ಡ್ ಚೀಟಿ ಕಿತ್ತರೆ ಜಾಗವೂ ಸಿಗುತ್ತದೆ.

ನಿಮ್ಮ ಪ್ರಶ್ನೆಗಳನ್ನು ಈಗ ಕೇಳಿ. ನಿಮ್ಮ ಲೆಕ್ಕ ನೋಡುವವರನ್ನು ಜೊತೆಗೆ ಕರೆತಂದಿದ್ದರೆ ಅವರೂ ಮುಂದೆ ಬಂದು ಕೂರಲಿ, ಟ್ಯಾಲಿ ಬ್ಯಾಕಪ್ ತಿರುಗಿ ಹಾಕುವುದನ್ನು ಇಲ್ಲೇ ಪರದೆಯ ಮೇಲೆ ಮಾಡಿ ತೋರಿಸುತ್ತೇನೆ.