ಮಾತ್ರೆ ಹೆಸರಿನ ಬಾಲಂಗೋಚಿ

ನಮಸ್ಕಾರ. ಡಿ.ಫಾರ್ಮಾ ಓದ್ತಿರೋರು, ಮೆಡಿಕಲ್ ಸ್ಟೋರ್‌ನಲ್ಲಿ ಈಗಷ್ಟೇ ಕೆಲಸ ಕಲೀತಿರೋರು, ಇವತ್ತಿನ ಮಾತು ನಿಮಗೆ. ನಿಮಗೆ ಪಾಠ ಹೇಳೋ ಮೇಷ್ಟ್ರುಗಳೂ ಕೇಳಿಸ್ಕೊಂಡ್ರೆ ಒಳ್ಳೇದು, ಯಾಕಂದ್ರೆ ನನ್ನ ತಕರಾರು ಇರೋದು ಅವರ ಮೇಲೆ.

ಯಾವ ಟ್ರೈನಿಯನ್ನಾದ್ರೂ ನಿದ್ದೆಯಿಂದ ಎಬ್ಬಿಸಿ ಬಿ.ಡಿ. ಅಂದ್ರೆ ಏನು ಅಂತ ಕೇಳಿ. ‘ಬಿಸ್ ಇನ್ ಡೈ’ ಅಂತ ಲ್ಯಾಟಿನ್‌ನಲ್ಲೇ ಒಪ್ಪಿಸ್ತಾರೆ, ಅಂದ್ರೆ ದಿನಕ್ಕೆ ಎರಡು ಸಲ. ಟಿ.ಡಿ.ಎಸ್. ದಿನಕ್ಕೆ ಮೂರು ಸಲ, ಎ.ಸಿ. ಊಟಕ್ಕೆ ಮುಂಚೆ, ಪಿ.ಸಿ. ಊಟ ಆದ್ಮೇಲೆ, ಎಸ್.ಓ.ಎಸ್. ಬೇಕಾದಾಗ ಮಾತ್ರ, ಸ್ಟ್ಯಾಟ್ ಅಂದ್ರೆ ಈಗಿಂದೀಗಲೇ. ಬೇಕು, ಬೇಡ ಅನ್ನಲ್ಲ. ಆದ್ರೆ ಅದು ಅರ್ಧ ದಿನದ ಕೆಲಸ. ನಮ್ಮ ಕಡೆ ಎಷ್ಟೋ ಡಾಕ್ಟರ್‌ಗಳು ಚೀಟಿಯಲ್ಲಿ 1-0-1 ಅಂತಲೇ ಬರೀತಾರೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು. ಓದು ಬರದ ಅಜ್ಜಿಗೂ ಅದು ಗೊತ್ತು.

ಎಡವಟ್ಟಾಗೋದು ಬೇರೆ ಕಡೆ. ಬ್ರ್ಯಾಂಡ್ ಹೆಸರಿನ ಕೊನೆಗೆ ಅಂಟಿಕೊಂಡಿರುತ್ತಲ್ಲ, ಎಂ, ಡಿ, ಎಚ್, ಎಸ್.ಆರ್., ಫೋರ್ಟೆ, ಪ್ಲಸ್, ಆ ಬಾಲಂಗೋಚಿಯಲ್ಲಿ. ಮತ್ತೆ ಅದರ ಪಕ್ಕದ ಅಂಕೆಯಲ್ಲಿ. ಟರ್ಮಿನಾಲಜಿ ಅಂತ ಏನಾದ್ರೂ ಮೊದಲನೇ ವಾರದಲ್ಲಿ ಕಲಿಸೋದಿದ್ರೆ ಇದನ್ನ ಕಲಿಸಬೇಕು.

ಎಂ ತಗೊಳ್ಳಿ. ಗ್ಲಿಮೆಪಿರೈಡ್ ಮಾತ್ರೆ ಹಿಂದೆ ಎಂ ಬಂದ್ರೆ ಅದು ಮೆಟ್‌ಫಾರ್ಮಿನ್. ಲೆವೊಸೆಟಿರಿಜಿನ್ ಹಿಂದೆ ಬಂದ್ರೆ ಮಾಂಟೆಲುಕಾಸ್ಟ್. ಒಂದು ಶುಗರ್‌ಗೆ, ಇನ್ನೊಂದು ಅಲರ್ಜಿಗೆ. ಸಾಲದ್ದಕ್ಕೆ ಎಂ1, ಎಂ2 ಅಂತ ಬೇರೆ ಬರುತ್ತೆ. ಹೊಸಬರು ಎಂ2 ಅಂದ್ರೆ ಮೆಟ್‌ಫಾರ್ಮಿನ್ ಎರಡರಷ್ಟು ಅಂದ್ಕೊಳ್ತಾರೆ. ಅಲ್ಲ. ಸಾಮಾನ್ಯವಾಗಿ ಮೆಟ್‌ಫಾರ್ಮಿನ್ ಎರಡರಲ್ಲೂ 500 ಮಿಲಿಗ್ರಾಂ. ಬದಲಾಗೋದು ಗ್ಲಿಮೆಪಿರೈಡ್, 1 ಇದ್ದದ್ದು 2 ಆಗುತ್ತೆ. ಶುಗರ್ ಧಡಕ್ಕನೆ ಇಳಿಸೋದು ಆ ಗ್ಲಿಮೆಪಿರೈಡೇ. ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಮೂರು ಅಕ್ಷರ ಹೊಡೆದ್ರೆ ಎಂ1, ಎಂ2 ಒಂದರ ಕೆಳಗೊಂದು ಬಂದು ಕೂತಿರುತ್ತೆ. ಸಂಜೆ ಏಳು ಗಂಟೆ ರಶ್‌ನಲ್ಲಿ ಬೆರಳು ಒಂದು ಸಾಲು ಕೆಳಗೆ ಜಾರಿದ್ರೆ ಮುಗೀತು.

ಡಿ ಕಥೆಯೂ ಅಷ್ಟೇ. ಆ್ಯಸಿಡಿಟಿಗೆ ಕೊಡೋ ಪ್ಯಾಂಟೊಪ್ರಜೋಲ್ ಜೊತೆ ಡಿ ಇದ್ರೆ ವಾಂತಿ ತಡೆಯೋ ಡೊಂಪೆರಿಡೋನ್, ಕ್ಯಾಲ್ಸಿಯಂ ಜೊತೆ ಇದ್ರೆ ವಿಟಮಿನ್ ಡಿ. ‘ಪ್ಲಸ್’ ಅನ್ನೋದಕ್ಕಂತೂ ಅಪ್ಪ ಅಮ್ಮ ಇಲ್ಲ, ಕಂಪನಿಗೆ ಏನು ತೋಚುತ್ತೋ ಅದು. ಹಾಗಾಗಿ ಬಾಲಂಗೋಚಿ ಬಾಯಿಪಾಠ ಮಾಡಿ ಅಂತ ನಾನು ಹೇಳ್ತಿಲ್ಲ. ಅದನ್ನ ನಂಬಬೇಡಿ ಅಂತಿದ್ದೀನಿ. ಸ್ಟ್ರಿಪ್ ತಿರುಗಿಸಿ, ಕಂಟೆಂಟ್ ಓದಿ.

ಎಸ್.ಆರ್., ಇ.ಆರ್., ಎಕ್ಸ್.ಎಲ್. ಮಾತ್ರ ಬೇರೆ ಜಾತಿ. ಅವು ಇನ್ನೊಂದು ಔಷಧಿ ಸೇರಿಸಿದ್ದನ್ನ ಹೇಳಲ್ಲ, ಮಾತ್ರೆಯೊಳಗಿನ ಔಷಧಿ ನಿಧಾನವಾಗಿ ಬಿಡುಗಡೆ ಆಗೋ ಹಾಗೆ ಮಾಡಿದ್ದಾರೆ ಅಂತ ಹೇಳ್ತವೆ. ಮಾತ್ರೆ ದೊಡ್ಡದು, ನುಂಗಕ್ಕಾಗಲ್ಲ ಅಂತ ಮನೇಲಿ ಕುಟ್ಟಿ ಪುಡಿ ಮಾಡಿ ಕೊಟ್ರೆ, ಗಂಟೆಗಟ್ಟಲೆ ನಿಧಾನಕ್ಕೆ ಇಳೀಬೇಕಾದ್ದು ಒಂದೇ ಸಲ ರಕ್ತಕ್ಕೆ ಹೋಗುತ್ತೆ. ಬಿ.ಪಿ.ಗೆ ಕೊಡೋ ಮೆಟೊಪ್ರೊಲಾಲ್ ಸಕ್ಸಿನೇಟ್‌ನ ಕೆಲವು ಎಕ್ಸ್.ಎಲ್. ಮಾತ್ರೆಗಳ ಮೇಲೆ ಗೆರೆ ಇರುತ್ತೆ, ಅವನ್ನ ಅರ್ಧ ಮಾಡಬಹುದು, ಆದ್ರೆ ಅಗಿಯೋ ಹಾಗಿಲ್ಲ. ‘ಕುಟ್ಟಬೇಡಿ ಅಮ್ಮ, ಹಾಗೇ ನುಂಗಿಸಿ’ ಅಂತ ಕೌಂಟರ್‌ನಲ್ಲಿ ಒಂದು ಮಾತು ಹೇಳೋಕೆ ಎಸ್.ಆರ್. ಫುಲ್ ಫಾರ್ಮ್ ಗೊತ್ತಿದ್ರೆ ಸಾಲದು.

ಈಗ ಅಂಕೆಗೆ ಬನ್ನಿ. 625 ಕೊಡಿ ಅಂತ ಜನ ಕೇಳ್ಕೊಂಡು ಬರ್ತಾರೆ. ಹಾಗೆ ಆ್ಯಂಟಿಬಯಾಟಿಕ್ ಕೊಡೋ ಹಾಗಿಲ್ಲ, ಅದಿರಲಿ. ಆ 625 ಎಲ್ಲಿಂದ ಬಂತು? 500 ಅಮಾಕ್ಸಿಸಿಲಿನ್, 125 ಕ್ಲಾವುಲಾನಿಕ್ ಆ್ಯಸಿಡ್, ಎರಡೂ ಕೂಡಿದ್ರೆ 625. ಇದರ ತಮ್ಮ 375 ಅಂದ್ರೆ 250 ಮತ್ತು 125. ಚೀಟಿಯಲ್ಲಿ 625 ಇದೆ, ಅಂಗಡಿಯಲ್ಲಿ ಸ್ಟಾಕ್ ಇಲ್ಲ, ‘375 ಎರಡು ತಗೊಳ್ಳಿ ಸರ್’ ಅಂದ್ರಿ ಅಂತಿಟ್ಕೊಳ್ಳಿ. ಅಮಾಕ್ಸಿಸಿಲಿನ್ ಸರಿಯಾಗಿ 500 ಆಯ್ತು, ಆದ್ರೆ ಕ್ಲಾವುಲಾನಿಕ್ ಆ್ಯಸಿಡ್ 125ರ ಬದಲು 250 ಹೋಯ್ತು. ಹೊಟ್ಟೆ ಕೆಡಿಸೋದರಲ್ಲಿ ಅದರದ್ದೇ ದೊಡ್ಡ ಪಾಲು. ಬರೀ ಕೂಡೋ ಲೆಕ್ಕ, ಆದ್ರೆ ಈ ಲೆಕ್ಕವನ್ನ ಪ್ರಶ್ನೆಪತ್ರಿಕೆಯಲ್ಲಿ ನಾನಂತೂ ನೋಡಿಲ್ಲ.

ಮಕ್ಕಳ ಜ್ವರದ ಔಷಧಿ ಇದಕ್ಕಿಂತ ಸೂಕ್ಷ್ಮ. ಪ್ಯಾರಾಸಿಟಮಾಲ್ ಸಿರಪ್ ಬಾಟಲಿ ಮೇಲೆ 5 ಎಂ.ಎಲ್.ಗೆ 120 ಮಿಲಿಗ್ರಾಂ ಅಂತಿರುತ್ತೆ, ಇನ್ನೊಂದರಲ್ಲಿ 5 ಎಂ.ಎಲ್.ಗೆ 250. ಡ್ರಾಪ್ಸ್ ಬಾಟಲಿ ಮೇಲೆ 1 ಎಂ.ಎಲ್.ಗೇ 100. ಎಂಟು ಕೆಜಿ ಮಗುವಿಗೆ ಕೆಜಿಗೆ 15ರಂತೆ 120 ಮಿಲಿಗ್ರಾಂ ಬೇಕು ಅನ್ನಿ, ಮೊದಲನೇ ಸಿರಪ್‌ನಲ್ಲಿ ಅದು 5 ಎಂ.ಎಲ್. ಡ್ರಾಪ್ಸ್‌ನ 5 ಎಂ.ಎಲ್. ಕುಡಿಸಿದ್ರೆ ಮಗುವಿನ ಹೊಟ್ಟೆಗೆ ಹೋಗೋದು 500. ನಾಲ್ಕು ಪಟ್ಟಿಗೂ ಜಾಸ್ತಿ. ‘ಜ್ವರದ ಔಷಧಿ ಕೊಡಿ, ಎಷ್ಟು ಹಾಕ್ಬೇಕು ನಂಗೊತ್ತು’ ಅಂತಾಳೆ ತಾಯಿ. ಅವಳಿಗೆ ಗೊತ್ತಿರೋದು ಹಳೇ ಬಾಟಲಿ ಅಳತೆ. ಬಾಟಲಿ ಬದಲಾಗಿದ್ದು ನಿಮಗೆ ಮಾತ್ರ ಗೊತ್ತು.

ಇನ್ಸುಲಿನ್ ಸಿರಿಂಜ್‌ನಲ್ಲೂ ಇದೇ ಗಂಡಾಂತರ. ನಮ್ಮಲ್ಲಿ ಸಾಕಷ್ಟು ವಯಲ್‌ಗಳು, ಅಂದ್ರೆ ಇನ್ಸುಲಿನ್‌ನ ಪುಟ್ಟ ಬಾಟಲಿಗಳು, ಎಂ.ಎಲ್.ಗೆ 40 ಯೂನಿಟ್, ಕೆಲವು 100. ಯು-40 ಸಿರಿಂಜ್‌ಗೆ ಕೆಂಪು ಮುಚ್ಚಳ, ಯು-100ಕ್ಕೆ ಕಿತ್ತಳೆ. 100ರ ಇನ್ಸುಲಿನ್ನನ್ನ ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 20ರ ಗೆರೆವರೆಗೆ ಎಳೆದ್ರೆ ಒಳಗೆ ಹೋಗೋದು 20 ಅಲ್ಲ, 50 ಯೂನಿಟ್. ‘ಸಿರಿಂಜ್ ಎರಡು ಕೊಡಿ’ ಅಂದಾಗ ಯಾವ ವಯಲ್‌ಗೆ ಅಂತ ಕೇಳದೆ ಕೊಡೋರನ್ನ ಕಂಡ್ರೆ ನನಗೆ ಸಿಟ್ಟು ಬರುತ್ತೆ. ಹಾಗೇ ‘ಯೂನಿಟ್’ ಬದಲು ಬರೀ ಯು ಅಂತ ಗೀಚೋ ಡಾಕ್ಟರ್‌ಗಳ ಮೇಲೂ. ಆ ಯು ಸೊನ್ನೆ ಥರ ಕಂಡ್ರೆ 10 ಯೂನಿಟ್ 100 ಆಗುತ್ತೆ.

ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗಳು, ಶೆಡ್ಯೂಲ್ ಎಚ್, ಎಚ್1, ಎಕ್ಸ್, ಇವನ್ನ ಹೇಗೂ ಕಲಿಸ್ತಾರೆ, ಕಾನೂನಲ್ವಾ. ಎಚ್1 ಜಾರಿಗೆ ಬಂದದ್ದು 2014ರಲ್ಲಿ, ಅದಕ್ಕೆ ಬೇರೆ ರಿಜಿಸ್ಟರ್, ಮೂರು ವರ್ಷ ಇಟ್ಕೊಳ್ಳಬೇಕು. ಅಷ್ಟು ಸಾಕು.

ಒ.ಡಿ. ಬಗ್ಗೆ ಒಂದು ಮಾತು ಉಳೀತು. ಚೀಟಿಯಲ್ಲಿ ಅದು ದಿನಕ್ಕೊಂದು ಸಲ. ಕಣ್ಣಿನ ಡಾಕ್ಟರ್ ಚೀಟಿಯಲ್ಲಿ ಬಲಗಣ್ಣು ಆಗಿರಬಹುದು. ಬ್ರ್ಯಾಂಡ್ ಹೆಸರಿನ ಕೊನೆಗೂ ಬರುತ್ತೆ. ಅನುಮಾನ ಬಂದ್ರೆ ಊಹೆ ಮಾಡಬೇಡಿ, ಡಾಕ್ಟರ್‌ಗೆ ಫೋನ್ ಮಾಡಿ. ಬೈದ್ರೆ ಬೈಸ್ಕೊಳ್ಳಿ.

ಅಂಗಡಿ ಮಾಲೀಕರೇ, ನಿಮ್ಮಲ್ಲಿ 500 ಗಂಟೆ ಟ್ರೈನಿಂಗ್‌ಗೆ ಬರೋ ಹುಡುಗ ಹುಡುಗಿಯರನ್ನ ಬಂದ ದಿನವೇ ಡಬ್ಬ ಇಳಿಸೋಕೆ, ಬಿಲ್ ಹೊಡೆಯೋಕೆ ಹಚ್ಚಬೇಡಿ. ಮೊದಲು ಒಂದಷ್ಟು ದಿನ ರ‍್ಯಾಕ್ ಮುಂದೆ ನಿಲ್ಲಿಸಿ, ಒಂದೊಂದೇ ಸ್ಟ್ರಿಪ್‌ನ ಹಿಂಭಾಗ ಜೋರಾಗಿ ಓದಿಸಿ.