ಚಿತ್ರವನ್ನು ಮೊದಲು ಓದಿ

ಕೇಳುಗರೆಲ್ಲರಿಗೂ ನಮಸ್ಕಾರ. ಮಾಟುಂಗ, ಡೊಂಬಿವಲಿ, ಮೀರಾರೋಡಿನ ಮನೆಗಳಲ್ಲಿ ಸಂಜೆಯ ಅಡುಗೆಯ ನಡುವೆ ರೇಡಿಯೊ ಹಚ್ಚಿಕೊಂಡಿರುವ ತಾಯ್ತಂದೆಯರನ್ನು ಕಣ್ಣಮುಂದೆ ಇಟ್ಟುಕೊಂಡು ಮಾತನಾಡುತ್ತಿದ್ದೇನೆ. ನಿಮ್ಮ ಮಕ್ಕಳು ಕೊಂಡು ತರುವ ಹೊಸ ಸೂಪರ್‌ಹೀರೊ ಕಾಮಿಕ್ಸ್‌ಗಳು ಹೇಗಿವೆ ಎಂದು ಹೇಳಲು ನನ್ನನ್ನು ಕರೆದಿದ್ದಾರೆ. ಜೀವನವಿಡೀ ಚಿತ್ರ ಬರೆದವನಾಗಿ ನನಗೆ ಹೇಳುವುದಿರುವುದು ಒಂದೇ: ಕಾಮಿಕ್ಸ್‌ನಲ್ಲಿ ಚಿತ್ರವನ್ನು ಮೊದಲು ಓದಬೇಕು, ಮಾತನ್ನು ಆಮೇಲೆ.

2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಕಾಮಿಕ್ಸ್ ಪ್ರಕಾಶಕರಾದ ಡಿಸಿ ಸಂಸ್ಥೆಯವರು ‘ಅಬ್ಸಲ್ಯೂಟ್’ ಎಂಬ ಹೊಸ ಮಾಲೆಯನ್ನು ಆರಂಭಿಸಿದರು. ಅದರಲ್ಲಿ ಬ್ಯಾಟ್‌ಮ್ಯಾನ್ ಕಥೆ ಬರೆದವರು ಸ್ಕಾಟ್ ಸ್ನೈಡರ್, ಚಿತ್ರ ಬಿಡಿಸಿದವರು ನಿಕ್ ಡ್ರಗೊಟ್ಟ. ಬ್ಯಾಟ್‌ಮ್ಯಾನ್‌ನ ಮುಖವಾಡದ ಹಿಂದಿರುವವನು, 1939ರಿಂದ ಜಗತ್ತು ಕೋಟ್ಯಧೀಶನೆಂದೇ ಬಲ್ಲ ಬ್ರೂಸ್ ವೇನ್, ಇಲ್ಲಿ ಶಾಲಾ ಮಾಸ್ತರರ ಮಗ. ಅವನಿಗೆ ಬಂಗಲೆಯಿಲ್ಲ, ಆಸ್ತಿಯಿಲ್ಲ, ಕಲಿತ ಎಂಜಿನಿಯರಿಂಗ್ ವಿದ್ಯೆಯೇ ಬಂಡವಾಳ. ಎಲ್ಲರೂ ಹೊಗಳುವುದು ಕಥೆಯ ಈ ತಿರುವನ್ನೇ. ನಾನು ಹೊಗಳುವುದು ಆ ಮೈಕಟ್ಟನ್ನು. ಡ್ರಗೊಟ್ಟ ಅವನನ್ನು ಕಲ್ಲುಗೋಡೆಯ ಹಾಗೆ ಅಗಲವಾಗಿ, ಚೌಕವಾಗಿ ಕಟ್ಟಿದ್ದಾರೆ. ಎದೆಯ ಮೇಲಿನ ಬಾವಲಿಯ ಲಾಂಛನವನ್ನು ಕಳಚಿದರೆ ಅದೇ ಕೊಡಲಿಯಾಗುತ್ತದೆ. ದುಡ್ಡಿಲ್ಲದವನು ಮೈಮೇಲಿರುವುದನ್ನೇ ಆಯುಧ ಮಾಡಿಕೊಂಡಿದ್ದಾನೆ ಎಂಬುದು ಒಂದಕ್ಷರವೂ ಇಲ್ಲದೆ ತಿಳಿಯುತ್ತದೆ.

ಹೀಗೆ ನೋಡುವುದನ್ನು ನನಗೆ ಕಲಿಸಿದವರು ನನ್ನ ತಂದೆ ದುಡಿಯುತ್ತಿದ್ದ ಮಾಟುಂಗದ ಉಡುಪಿ ಹೋಟೆಲಿನ ಹಿರಿಯ ಅಡುಗೆಭಟ್ಟರು. ಅದು ಎಪ್ಪತ್ತರ ದಶಕ. 1964ರಿಂದ ಇದೇ ಮುಂಬಯಿಯಲ್ಲಿ ಪ್ರಕಟವಾಗುತ್ತಿದ್ದ ಇಂದ್ರಜಾಲ ಕಾಮಿಕ್ಸ್‌ನ ಹಳೆಯ ಇಂಗ್ಲಿಷ್ ಪ್ರತಿಗಳು ಕಿಂಗ್ಸ್ ಸರ್ಕಲ್ಲಿನ ಫುಟ್‌ಪಾತಿನಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತಿದ್ದವು. ಹಗಲು ಮೇಜು ಒರೆಸಿ ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದ ಹುಡುಗರೂ ನಾನೂ ಅವನ್ನು ತಂದು, ಇಂಗ್ಲಿಷ್ ಬಲ್ಲ ಒಬ್ಬನ ಸುತ್ತ ಕುಳಿತು, ಅವನು ಓದಿ ಹೇಳಿದ ಮಾತುಗಳನ್ನಷ್ಟೇ ನುಂಗಿ, ಪುಟ ಮಗುಚುತ್ತಿದ್ದೆವು. ಒಂದು ರಾತ್ರಿ ಆ ಹುಡುಗ ಬರಲಿಲ್ಲ. ಒಲೆ ಆರಿಸಿ ಬಂದ ಭಟ್ಟರು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಇಂಗ್ಲಿಷಿನ ಒಂದಕ್ಷರವೂ ಬಾರದಿದ್ದರೂ, ಮುಖವಾಡ ತೊಟ್ಟ ಕಾಡಿನ ವೀರ ಫ್ಯಾಂಟಮ್‌ನ ಕಥೆಯನ್ನು ಚಿತ್ರದಿಂದ ಚಿತ್ರಕ್ಕೆ ಕುಂದಾಪುರದ ಕನ್ನಡದಲ್ಲಿ ಹೇಳತೊಡಗಿದರು. ನಡುವೆ ಬೆರಳಿಟ್ಟು ನಿಲ್ಲಿಸಿ, “ಕಾಣಿ ಮಕ್ಳೇ, ಇವನ ಎರಡು ಕೈಯಲ್ಲೂ ಉಂಗುರ ಉಂಟು, ಆದ್ರೆ ಒಂದೇ ನಮೂನೆ ಅಲ್ಲ,” ಎಂದರು. ನಾವು ಬಗ್ಗಿ ನೋಡಿದೆವು. ಬಲಗೈಯ ಉಂಗುರದಲ್ಲಿ ತಲೆಬುರುಡೆ. ಕಳ್ಳನ ದವಡೆಯ ಮೇಲೆ ಬೀಳುವ ಗುರುತು ಅದರದು. ಎಡಗೈಯ ಉಂಗುರದಲ್ಲಿ ಅಡ್ಡಡ್ಡವಾದ ಕತ್ತಿಗಳ ಗುರುತು. ಅದು ಆಶ್ರಯ ಪಡೆದವರಿಗೆ. ಎಷ್ಟೋ ಪುಸ್ತಕ ಮುಗಿಸಿದ್ದ ನಮ್ಮಲ್ಲಿ ಒಬ್ಬನೂ ಅದನ್ನು ಕಂಡಿರಲಿಲ್ಲ. ಅಂದು ರಾತ್ರಿ ಹಳೆಯ ಪುಸ್ತಕಗಳನ್ನೆಲ್ಲ ಹೊರತೆಗೆದು, ಹೋಟೆಲಿನ ದೀಪ ಆರಿಸುವವರೆಗೂ ಕೈಗಳನ್ನೇ ನೋಡುತ್ತ ಕುಳಿತೆವು.

ಸಮಯ ಬಹಳ ಸರಿದಿದೆ, ಉಳಿದವನ್ನು ಬೇಗ ಹೇಳುತ್ತೇನೆ. ‘ಅಬ್ಸಲ್ಯೂಟ್’ ಮಾಲೆಯಲ್ಲಿ ನನ್ನ ಮೆಚ್ಚಿನದು ಕೆಲ್ಲಿ ಥಾಂಪ್ಸನ್ ಬರೆದ ವಂಡರ್ ವುಮನ್. ಪಾತಾಳದಲ್ಲಿ ಮಾಟಗಾತಿಯೊಬ್ಬಳು ಸಾಕಿದ ಅದರ ನಾಯಕಿ ಡಯಾನಾಳಿಗಾಗಿ ಚಿತ್ರ ಬಿಡಿಸಿದ ಹೇಡನ್ ಶೆರ್ಮನ್ ಪುಟದ ಚೌಕಟ್ಟುಗಳನ್ನೇ ಓರೆಯಾಗಿ, ಚೂಪಾಗಿ ಕತ್ತರಿಸಿದ್ದಾರೆ. ಮಾತಿನ ಗುಳ್ಳೆಗಳ ಹಿಂದೆ ಓಡುವವರಿಗೆ ಆ ಪುಟಗಳು ಗೊಂದಲವಾಗಿ ಮಾತ್ರ ಕಾಣುತ್ತವೆ. ಜೇಸನ್ ಆರನ್ ಅವರ ಸೂಪರ್‌ಮ್ಯಾನ್ ಚೆನ್ನಾಗಿದೆ, ಆದರೆ ಮಾತು ಹೆಚ್ಚಾಯಿತು. ಇನ್ನೊಂದು ಅಮೆರಿಕನ್ ಸಂಸ್ಥೆ ಮಾರ್ವೆಲ್‌ನವರು 2024ರ ಜನವರಿಯಲ್ಲಿ ತಂದ ‘ಅಲ್ಟಿಮೇಟ್ ಸ್ಪೈಡರ್‌ಮ್ಯಾನ್’ನಲ್ಲಿ ಪೀಟರ್ ಪಾರ್ಕರ್ ಹೆಂಡತಿ, ಇಬ್ಬರು ಮಕ್ಕಳಿರುವ ಗಡ್ಡದ ಗೃಹಸ್ಥ, ಅವನ ವಯಸ್ಸನ್ನೂ ದಣಿವನ್ನೂ ಚಿತ್ರಕಾರ ಮಾರ್ಕೊ ಕೆಕೆಟ್ಟೊ ಕಣ್ಣುಗಳಲ್ಲೇ ತಂದಿದ್ದಾರೆ.

ನಮ್ಮ ಊರಿನ ಸ್ಪೈಡರ್‌ಮ್ಯಾನ್‌ನನ್ನೂ ಹುಡುಕಿ ಓದಿಸಿ. 2004ರಲ್ಲಿ ಬಂದ ಪವಿತ್ರ ಪ್ರಭಾಕರ್ ಹಳ್ಳಿಯಿಂದ ಮುಂಬಯಿಗೆ ಓದಲು ಬಂದ ಹುಡುಗ. ಜೀವನ್ ಕಾಂಗ್ ಅವನಿಗೆ ಮೇಲೆ ಜೇಡನ ಬಲೆಯ ಅಂಗಿ, ಕೆಳಗೆ ಧೋತರ ತೊಡಿಸಿದ್ದಾರೆ. ಊರಿನಿಂದ ಬಂದ ನಮ್ಮ ಹಿರಿಯರಲ್ಲಿ ಎಷ್ಟು ಜನ ಹೀಗೆ ಮೇಲೊಂದು, ಕೆಳಗೊಂದು ಉಟ್ಟು ಈ ಶಹರದಲ್ಲಿ ಓಡಾಡಿದರು ಎಂದು ಮಕ್ಕಳಿಗೆ ಹೇಳಲು ಆ ಒಂದು ಚಿತ್ರ ಸಾಕು.

“ಚಿತ್ರದ ಪುಸ್ತಕ ಬಿಡು, ಓದು” ಎಂದು ಮಕ್ಕಳನ್ನು ಗದರಿಸುವುದನ್ನು ದಯವಿಟ್ಟು ನಿಲ್ಲಿಸಿ. ಅವರು ಓದುತ್ತಲೇ ಇದ್ದಾರೆ. ಇಂದು ರಾತ್ರಿ ಊಟವಾದ ಮೇಲೆ ಪಕ್ಕದಲ್ಲಿ ಕುಳಿತು, ಒಂದು ಪುಟದ ಮಾತುಗಳನ್ನೆಲ್ಲ ಕೈಯಿಂದ ಮುಚ್ಚಿ, ಇಲ್ಲಿ ಏನಾಗುತ್ತಿದೆ ಹೇಳು ಎಂದು ಕೇಳಿ. ನಮಸ್ಕಾರ.