ಬ್ಯಾಂಡ್ ಮತ್ತೆ ಸೇರೋ ಮುಂಚೆ ಕ್ಯಾಸೆಟ್ ಹುಡುಕಿ

ಕಾಲೇಜಿನಲ್ಲಿ ಬ್ಯಾಂಡ್ ಕಟ್ಟಿದ್ದ ಗೆಳೆಯರು ಐವತ್ತರ ಹತ್ತಿರ ಬಂದಾಗ ಮತ್ತೆ ಸೇರ್ತಾರೆ. ಮೊದಲು ವಾಟ್ಸಾಪ್ ಗ್ರೂಪು, ಆಮೇಲೆ ಗ್ರೂಪಿಗೊಂದು ಲೋಗೋ, ಆಮೇಲೆ ಹೊಸ ಗಿಟಾರು, ಕೊನೆಗೆ ಶೋ ದಿನಾಂಕ. ಈ ಕ್ರಮವೇ ತಪ್ಪು ಅನ್ನೋದು ನನ್ನ ವಾದ. ಮೊದಲ ಕೆಲಸ ಹಳೇ ಡೆಮೋ ಕ್ಯಾಸೆಟ್ ಹುಡುಕೋದು. ಯಾಕಂದ್ರೆ ಹಾಡು ಒಬ್ಬೊಬ್ಬರ ತಲೆಯಲ್ಲೂ ಒಂದೊಂದು ಥರ ಉಳಿದಿರುತ್ತೆ. ಎರಡನೇ ಚರಣ ಆದ್ಮೇಲೆ ಸೋಲೋ ಇತ್ತಾ, ಮೊದಲೇ ಇತ್ತಾ ಅಂತ ವಾದ ಮಾಡೋದರಲ್ಲೇ ಒಂದು ಭಾನುವಾರ ಹೋಗುತ್ತೆ. ಟೇಪ್ ಇದ್ದರೆ ಐದು ನಿಮಿಷದ ಮಾತು.

ಕ್ಯಾಸೆಟ್ ಸಿಕ್ಕ ತಕ್ಷಣ ಪ್ಲೇ ಒತ್ತಬೇಡಿ. ಮೊದಲು ಒಳಗೆ ನೋಡಿ. ಟೇಪನ್ನು ಹೆಡ್ಡಿಗೆ, ಅಂದ್ರೆ ಪ್ಲೇಯರಿನಲ್ಲಿ ಟೇಪು ಓದೋ ಭಾಗಕ್ಕೆ, ಒತ್ತಿ ಹಿಡಿಯೋ ಸಣ್ಣ ಫೆಲ್ಟ್ ಪ್ಯಾಡ್ ಇರುತ್ತಲ್ಲ, ಅದರ ಅಂಟು ಒಣಗಿ ಉದುರಿರುತ್ತೆ. ಪ್ಯಾಡ್ ಇಲ್ಲದೆ ನುಡಿಸಿದ್ರೆ ಶಬ್ದ ಮಂಕಾಗಿ, ಏರಿಳಿದು ಬರುತ್ತೆ. ಆಗ ರೀಲುಗಳನ್ನ ಸ್ಕ್ರೂ ಇರೋ ಇನ್ನೊಂದು ಕ್ಯಾಸೆಟ್ಟಿನ ಚಿಪ್ಪಿಗೆ ಬದಲಾಯಿಸಬೇಕು. ಆಮೇಲೆ ಒಂದು ಸಲ ಪೂರ್ತಿ ಮುಂದಕ್ಕೆ, ಒಂದು ಸಲ ಪೂರ್ತಿ ಹಿಂದಕ್ಕೆ ಓಡಿಸಿ. ವರ್ಷಗಟ್ಟಲೆ ಬಿಗಿಯಾಗಿ ಸುತ್ತಿಕೊಂಡಿದ್ದ ಟೇಪು ಸಡಿಲವಾಗುತ್ತೆ.

ಕ್ಯಾಸೆಟ್ ನುಡಿಸೋ ಡೆಕ್ ಕೂಡ ಹಾಗೇ. ಅಟ್ಟದ ಮೇಲೆ ಕೂತಿದ್ದ ಡೆಕ್ಕಿನ ಬೆಲ್ಟು ಕರಗಿ ಡಾಂಬರಿನಂತಾಗಿರುತ್ತೆ. ಬೆಂಗಳೂರಿನ ಎಸ್.ಪಿ. ರೋಡಲ್ಲಿ ಬೆಲ್ಟ್ ಕೇಳೋಕೆ ಹೋಗುವಾಗ ಹಳೇದರ ಸುತ್ತಳತೆ, ದಪ್ಪ ಬರ್ಕೊಂಡು ಹೋಗಿ. ಹೆಡ್ಡನ್ನ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಇನ್ನು, ದಯವಿಟ್ಟು ಆ ಅಗ್ಗದ ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್ ತರಬೇಡಿ. ನಿಮ್ಮ ಹಾಡಿಗಿಂತ ಅದರ ಮೋಟರೇ ಜಾಸ್ತಿ ಹಾಡುತ್ತೆ.

ಎಲ್ಲರೂ ಬಿಟ್ಟುಬಿಡೋ ಹೆಜ್ಜೆ ಅಂದ್ರೆ ಅಜಿಮತ್, ಅಂದ್ರೆ ಹೆಡ್ಡಿನ ಓರೆ. ನಿಮ್ಮ ಟೇಪು ಬೇರೆ ಯಾರದೋ ಡೆಕ್ಕಲ್ಲಿ ರೆಕಾರ್ಡ್ ಆಗಿದ್ದು. ಆ ಹೆಡ್ಡಿನ ಓರೆಯೇ ಬೇರೆ, ಇದರದ್ದೇ ಬೇರೆ. ಶಬ್ದವನ್ನ ಮೋನೋಗೆ ಹಾಕಿ, ಅಂದ್ರೆ ಎಡ-ಬಲ ಎರಡನ್ನೂ ಒಂದಾಗಿಸಿ, ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂವನ್ನ ಕೂದಲೆಳೆಯಷ್ಟು ತಿರುಗಿಸ್ತಾ ಹೋಗಿ. ಡ್ರಮ್ ಸೆಟ್ಟಿನ ತಾಳದ ತಟ್ಟೆ (ಸಿಂಬಲ್) ಎಲ್ಲಿ ಅತಿ ಸ್ಪಷ್ಟವಾಗಿ ಕೇಳುತ್ತೋ ಅಲ್ಲಿ ನಿಲ್ಲಿಸಿ. ಟೇಪು ತಿರುವಿ ಹಾಕಿದಾಗ ಮತ್ತೆ ಇದೇ ಕೆಲಸ. ಆಮೇಲೆ ಕಂಪ್ಯೂಟರಿಗೆ ರೆಕಾರ್ಡ್ ಮಾಡಿ: 24 ಬಿಟ್, 48 ಕಿಲೋಹರ್ಟ್ಸ್ ವೇವ್ ಫೈಲು, ಪೀಕ್, ಅಂದ್ರೆ ಅತಿ ಜೋರಾದ ಶಬ್ದ, ಮೈನಸ್ 6 ಡಿಬಿ ದಾಟದ ಹಾಗೆ. ಒಂದು ಗಂಟೆಗೆ ಸುಮಾರು 1 ಜಿಬಿ ಆಗುತ್ತೆ.

ಈಗ ವೇಗ. ಟೇಪಿನ ಹಿನ್ನೆಲೆಯ ಕರೆಂಟಿನ ಗುಂಯ್ ಶಬ್ದ (ಹಮ್) 50 ಹರ್ಟ್ಸ್ ಇರಬೇಕು, ಅದರಿಂದ ವೇಗ ಸರಿಮಾಡಿ ಅಂತ ಹೊರದೇಶದವರು ಹೇಳ್ತಾರೆ. 90ರ ದಶಕದ ಬೆಂಗಳೂರಿಗೆ ಅದು ನಡೆಯಲ್ಲ. ಆಗಿನ ದಕ್ಷಿಣದ ವಿದ್ಯುತ್ ಗ್ರಿಡ್ 50ರಲ್ಲಿ ನಿಲ್ತಾನೇ ಇರಲಿಲ್ಲ, 48ರ ಆಸುಪಾಸಿಗೂ ಇಳಿಯುತ್ತಿತ್ತು. ಅದಕ್ಕಿಂತ ಹಾಡಲ್ಲಿ ಕೀಬೋರ್ಡ್ ಇದೆಯಾ ನೋಡಿ. ಕ್ಯಾಸಿಯೋ ಆದ್ರೆ ಅದರ ಎ ಸ್ವರದ ಶ್ರುತಿ ಕಾರ್ಖಾನೆಯಿಂದಲೇ 440 ಹರ್ಟ್ಸ್. ಟೇಪಿನಲ್ಲಿ ಅದೇ ಸ್ವರ 453 ತೋರಿಸಿದ್ರೆ ಟೇಪು ಶೇ. 3ರಷ್ಟು ಜಾಸ್ತಿ ವೇಗದಲ್ಲಿ ಓಡ್ತಿದೆ ಅಂತ ಅರ್ಥ. ಆಡಾಸಿಟಿ ಅನ್ನೋ ಆಡಿಯೋ ಸಾಫ್ಟ್‌ವೇರಿನಲ್ಲಿ ಪಿಚ್ ಮಾತ್ರ ಅಲ್ಲ, ವೇಗ ಮತ್ತು ಪಿಚ್ ಎರಡೂ ಒಟ್ಟಿಗೆ ಬದಲಾಗೋ ಆಯ್ಕೆ ಬಳಸಿ.

ಇಷ್ಟಾದ ಮೇಲೆ ಒಂದೇ ಒಂದು ಹಾಡು ಆರಿಸಿಕೊಳ್ಳಿ. ಆಲ್ಬಮ್ ಮಾತು ಬೇಡ. ಇಪ್ಪತ್ತರಲ್ಲಿ ಕಿರುಚಿದ ಎತ್ತರಕ್ಕೆ ಈಗ ಕಂಠ ಹೋಗಲ್ಲ, ಒಂದು ಟೋನ್ ಇಳಿಸಿ. ರಿಫ್ಫಿನಲ್ಲಿ, ಅಂದ್ರೆ ಮತ್ತೆ ಮತ್ತೆ ಬರೋ ಗಿಟಾರ್ ತುಣುಕಿನಲ್ಲಿ, ಬೆರಳು ಒತ್ತದ ಖಾಲಿ ಇ ತಂತಿ ಬಳಕೆಯಾಗಿದ್ದರೆ ಕಾರ್ಡ್ ಬದಲಿಸಬೇಡಿ, ಇಡೀ ಗಿಟಾರನ್ನೇ ಡಿಗೆ ಇಳಿಸಿ, 9ರ ತೆಳು ತಂತಿಗಳ ಸೆಟ್ ತೆಗೆದು ತುಸು ದಪ್ಪದ 10ರದ್ದು ಹಾಕಿ. ಇಲ್ಲದಿದ್ದರೆ ತಂತಿ ಜೋಲುತ್ತೆ, ಫ್ರೆಟ್ಟಿಗೆ ತಾಗಿ ಬಜ್ ಬರುತ್ತೆ.

ಅಭ್ಯಾಸಕ್ಕೆ ಶನಿವಾರ ಸಂಜೆ ಇಡೋರು ವೈಟ್‌ಫೀಲ್ಡಿಂದ ರಾಜಾಜಿನಗರಕ್ಕೆ ಕಾರಲ್ಲಿ ಬಂದು ನೋಡಲಿ. ಭಾನುವಾರ ಬೆಳಗ್ಗೆ, ಹಸಿರು ಅಥವಾ ನೇರಳೆ ಮೆಟ್ರೋ ಮಾರ್ಗದಿಂದ ನಡೆದು ಹೋಗುವಷ್ಟು ಹತ್ತಿರದ ಜಾಮ್ ರೂಮ್ ಸಾಕು. ಡ್ರಮ್ ಸೆಟ್ ಸಾಮಾನ್ಯವಾಗಿ ಅಲ್ಲೇ ಇರುತ್ತೆ. ಮೂರು ಗಂಟೆ ಬುಕ್ ಮಾಡಿದ್ರೆ ಅರ್ಧ ಗಂಟೆ ವೈರು ಜೋಡಿಸೋದಕ್ಕೇ ಹೋಗುತ್ತೆ. ಕಿವಿಗೆ ಇಯರ್‌ಪ್ಲಗ್ ಇರಲಿ.

ಆನ್‌ಲೈನಿಗೆ ಹಾಕೋ ಮುಂಚೆ ಹಕ್ಕಿನ ವಿಚಾರ ಇದೆ. ನಮ್ಮ ಕಾಲೇಜು ಬ್ಯಾಂಡುಗಳಿಗೆ ಶರೀಫಜ್ಜ ಬೇಕೇ ಬೇಕು. ಶಿಶುನಾಳ ಶರೀಫರು ತೀರಿಕೊಂಡಿದ್ದು 1889ರಲ್ಲಿ, ಪದಗಳಿಗೆ ಯಾರ ಅನುಮತಿಯೂ ಬೇಡ. ಆದ್ರೆ ಸಿ. ಅಶ್ವಥ್ ಹಾಕಿದ ಧಾಟಿ ಎತ್ತಿಕೊಂಡಿದ್ದರೆ ಆ ಸಂಗೀತಕ್ಕೆ ಬೇರೆ ಹಕ್ಕಿದೆ. ಬೇಂದ್ರೆಯವರ ಕವಿತೆಗೆ ನೀವೇ ರಾಗ ಹಾಕಿದ್ದರೂ ಅನುಮತಿ ಬೇಕು: ಅವರು ತೀರಿಕೊಂಡಿದ್ದು 1981ರಲ್ಲಿ, ಕವಿಯ ಮರಣಾನಂತರ 60 ವರ್ಷ ಅನ್ನೋ ಲೆಕ್ಕದಲ್ಲಿ ಹಕ್ಕು 2041ರ ಕೊನೆವರೆಗೂ ಇದೆ. ಸ್ವಂತ ಹಾಡಾದ್ರೆ, ಸೇರಿ ಬರೆದವರೆಲ್ಲರೂ ಒಡೆಯರು. ಅವರಲ್ಲಿ ಒಬ್ಬರು ತೀರಿಕೊಂಡಿದ್ದರೆ ಅವರ ಮನೆಯವರನ್ನ ಕೇಳಿ, ಒಪ್ಪಿಗೆ ಕಾಗದದ ಮೇಲೆ ತಗೊಂಡು ಆಮೇಲೆ ಅಪ್‌ಲೋಡ್ ಮಾಡಿ.